ದಿಬ್ಬಣದ ಬಸ್ಸಿನ ಹಿಂದಿನ ಚಕ್ರ

ಮೂವತ್ತರ ದಶಕದಲ್ಲಿ ನಾನು ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸು ಓಡಿಸುತ್ತಿದ್ದೆ. ಹಳೆಯ ಲಾರಿಯೊಂದರ ಮೇಲೆ ಮರದ ಮೈ ಕಟ್ಟಿಸಿ ಮಾಲಕರು ಅದನ್ನು ಬಸ್ಸು ಎಂದು ಕರೆದಿದ್ದರು, ಜನರೂ ಒಪ್ಪಿಕೊಂಡಿದ್ದರು. ಎಂಜಿನ್ನು ಒಳ್ಳೆಯದೇ. ತಾಪತ್ರಯವೆಲ್ಲ ಚಕ್ರಗಳದು. ಟೈರು ಜಾರದಂತೆ ಚಕ್ರದ ಅಂಚಿನ ತೋಡಿನಲ್ಲಿ ಒಂದು ಉಕ್ಕಿನ ರಿಂಗು ಕೂರುತ್ತಿತ್ತು. ಅದು ಸರಿಯಾಗಿ ಕೂತರೆ ಸರಿ, ಇಲ್ಲದಿದ್ದರೆ ಒಳಗಿನ ಗಾಳಿ ಅದನ್ನು ಬಂದೂಕಿನ ಗುಂಡಿನ ಹಾಗೆ ಎಸೆಯುತ್ತಿತ್ತು.

ಈ ವಿದ್ಯೆ ಕಲಿಸಿದವರು ಶಿರಸಿ ಪೇಟೆಯ ಮೇಸ್ತ್ರಿ ಸಾಬರು. ಅವರ ಬಲಗೆನ್ನೆಯಲ್ಲಿ ಗಡ್ಡ ಬೆಳೆಯುತ್ತಿರಲಿಲ್ಲ. ಅಲ್ಲಿ ಒಮ್ಮೆ ರಿಂಗು ಬಡಿದಿತ್ತು. ಮೊದಲ ದಿನವೇ ಅವರು ಆ ಕೆನ್ನೆ ತೋರಿಸಿ ಹೇಳಿದ್ದರು: "ಗಾಳಿ ತುಂಬೋವಾಗ ರಿಂಗಿನ ಎದುರು ಮುಖ ಹಿಡೀಬೇಡ. ಅದು ಹಾರಿದ್ರೆ ಓಡ್ಲಿಕ್ಕೆ ಪುರುಸೊತ್ತು ಕೊಡೋದಿಲ್ಲ." ತುಕ್ಕು ಕೆರೆಯುವುದು, ಚಕ್ರಕ್ಕೆ ಸುತ್ತಲೂ ಸರಪಳಿ ಬಿಗಿಯುವುದು, ಸ್ವಲ್ಪ ಗಾಳಿ ಹಾಕಿ ನಿಲ್ಲಿಸಿ ನೋಡುವುದು, ಆಮೇಲೆ ರಿಂಗಿನ ಬದಿಯನ್ನು ನೆಲಕ್ಕೆ ಮಾಡಿ ಮಲಗಿಸುವುದು, ಪಂಪನ್ನು ಉದ್ದದ ನಳಿಗೆ ಹಾಕಿ ದೂರ ಇಡುವುದು. ಎಲ್ಲವನ್ನೂ ಅವರು ನನ್ನಿಂದ ಹತ್ತಾರು ಸಲ ಮಾಡಿಸಿದರು.

ಒಂದು ಬೇಸಿಗೆಯಲ್ಲಿ ಮತ್ತಿಘಟ್ಟದವರು ದಿಬ್ಬಣಕ್ಕೆಂದು ಇಡೀ ಬಸ್ಸನ್ನೇ ಗೊತ್ತುಮಾಡಿದರು. ಮದುವೆ ನಂದೊಳ್ಳಿಯಲ್ಲಿ, ಹೆಣ್ಣಿನ ಮನೆಯಲ್ಲಿ. ಶಿರಸಿ ದಾಟುವಾಗ ಒಂದು ಟೈರು ಹೋಗಿ, ಇದ್ದೊಂದು ಸ್ಟೆಪ್ನಿಯನ್ನು ಹಾಕಿಯಾಗಿತ್ತು. ನಂದೊಳ್ಳಿ ಎರಡು ಮೈಲಿ ಇದೆ ಎನ್ನುವಾಗ ಹಿಂದಿನ ಒಂದು ಚಕ್ರವೂ ಗಾಳಿ ಹೋಗಿ ಕೂತಿತು. ಎಲ್ಲರನ್ನೂ ಇಳಿಸಿ ಟ್ಯೂಬಿಗೆ ತೇಪೆ ಹಾಕಿದೆ, ಟೈರು ಏರಿಸಿದೆ, ರಿಂಗು ಕೂರಿಸಿದೆ. ಬಿಗಿಯಲು ಸರಪಳಿ ಕೈಗೆ ತೆಗೆದುಕೊಂಡಾಗ ಮದುಮಗನ ಸೋದರಮಾವ ಎದುರು ಬಂದು ನಿಂತರು. ದಿಬ್ಬಣದ ಯಜಮಾನಿಕೆ ಅವರದೇ.

"ಎಂತಕ್ಕೆ ಮಾರಾಯಾ ಸರಪಳಿ? ಅದು ಎಲ್ಲಿಗೆ ಓಡಿ ಹೋಗ್ತು?" ಎಂದರು.

ನಾನು ನಕ್ಕು ಬಿಗಿದೆ. ಹುಡುಗರೆಲ್ಲ ಸರದಿಯ ಮೇಲೆ ಪಂಪು ಒತ್ತಿದರು. ಲೆಕ್ಕ ಹಾಕುವ ಕೆಲಸ ಪುರೋಹಿತರದು. ಅವರು ಅದನ್ನೂ ಮಂತ್ರದ ಧಾಟಿಯಲ್ಲೇ ಹೇಳುತ್ತಿದ್ದರು. ಇನ್ನೂರಾದಾಗ ನಿಲ್ಲಿಸಿ ಪಕ್ಕದಿಂದ ನೋಡಿದೆ. ರಿಂಗು ಒಂದು ಕಡೆ ಉಗುರಿನಷ್ಟು ಎದ್ದಿತ್ತು. ಸೋದರಮಾವನೂ ನೋಡಿದರು. ನಾನು ಬೇಡ ಎನ್ನುವಷ್ಟರಲ್ಲಿ ಸುತ್ತಿಗೆ ಅವರ ಕೈಗೆ ಬಂದಿತ್ತು.

ನಾನು ಅವರ ಮುಂಗೈ ಹಿಡಿದೆ. ಹಿರಿಯರ ಕೈ ಹಾಗೆ ಹಿಡಿಯಬಾರದು, ಗೊತ್ತು. ಅವರ ಮುಖ ಕೆಂಪಾಯಿತು. ಒಳಗೆ ಗಾಳಿ ಇರುವಾಗ ಹೊಡೆಯುವ ಹಾಗಿಲ್ಲ ಎಂದೆ.

"ಮುಹೂರ್ತ ತಪ್ಪಿರೆ ನೀನು ಹೊಣೆಯನ?" ಎಂದರು.

"ಮುಹೂರ್ತಕ್ಕೆ ನಡೆದಾದರೂ ಹೋಗಬಹುದು ಭಟ್ರೇ. ನೀವು ಇದಕ್ಕೆ ಹೊಡೆದರೆ ನಾವಿಬ್ಬರೂ ಇಲ್ಲಿಂದ ಏಳೋದಿಲ್ಲ."

ಅವರು ಸುತ್ತಿಗೆ ಕೆಳಗಿಟ್ಟರು. ನಾನು ಗಾಳಿಯನ್ನೆಲ್ಲ ಬಿಟ್ಟೆ. ಆ ಸುಯ್ ಸದ್ದು ಕೇಳಿ ಇನ್ನೂರು ಸಲ ಒತ್ತಿದ್ದ ಹುಡುಗರು ನನ್ನನ್ನು ನೋಡಿದ ರೀತಿಯನ್ನು ಬರೆಯದಿರುವುದೇ ಲೇಸು. ಅಂಚಿನ ತೋಡಿನಲ್ಲಿ ಮರಳು ಸೇರಿತ್ತು, ಕೆರೆದು ತೆಗೆದು ರಿಂಗು ಮತ್ತೆ ಕೂರಿಸಿದೆ. ಈ ಸಲ ನೋಡುವುದಕ್ಕೆ ಎಲ್ಲ ಸರಿಯಾಗಿತ್ತು. ಸರಪಳಿ ಸಮೇತ ಚಕ್ರವನ್ನು ಮಗುಚಿ ಮಲಗಿಸಿ, ಪಂಪನ್ನು ಒಂದು ದಪ್ಪ ಮತ್ತಿಮರದ ಹಿಂದಕ್ಕೆ ಒಯ್ದು, ಉಳಿದವರನ್ನೆಲ್ಲ ಬಸ್ಸಿನ ಆಚೆ ಕಳಿಸಿದೆ. ಹುಡುಗರ ತೋಳು ಸೋತಿತ್ತು. ಕೊನೆಗೆ ಮದುಮಗನೇ ಪಂಚೆ ಎತ್ತಿ ಕಟ್ಟಿ ಪಂಪು ಹಿಡಿದ.

ಇನ್ನೇನು ಸಾಕು ಎನ್ನುವಾಗ ಸಿಡಿಯಿತು. ಚಕ್ರ ಮೊಣಕಾಲೆತ್ತರ ಹಾರಿ ಬಿತ್ತು. ಕೆಂಪು ಧೂಳು ಇಳಿದ ಮೇಲೆ ಹೋಗಿ ನೋಡಿದೆ. ರಿಂಗು ಸೊಟ್ಟಗಾಗಿ ಸರಪಳಿಯಲ್ಲೇ ಸಿಕ್ಕಿಕೊಂಡಿತ್ತು, ಎರಡು ಕೊಂಡಿ ಬಾಯಿಬಿಟ್ಟಿದ್ದವು. ಆಗ ಗೊತ್ತಾಯಿತು, ಅದು ಈ ಚಕ್ರದ ರಿಂಗೇ ಅಲ್ಲ. ಮಾಲಕರು ಬೇರೆ ಯಾವುದೋ ಲಾರಿಯದನ್ನು ತಂದು ಹೊಂದಿಸಿದ್ದರು. ಹಾಕುವ ಮೊದಲು ನಾನೂ ಅಳತೆ ನೋಡಿರಲಿಲ್ಲ. ರಿಂಗನ್ನು ಬಿಡಿಸಿಕೊಂಡು ಚಕ್ರದ ಪಕ್ಕವೇ ಕೂತೆ.

ಸೋದರಮಾವ ತಾಮ್ರದ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಆಮೇಲೆ, "ಆನು ಹೊಡೆದಿದ್ರೆ ಇವತ್ತು ಮದುವೆನೇ ನಡೀತಿತ್ತಿಲ್ಲೆ" ಎಂದರು, ಮೆಲ್ಲಗೆ.

ಬಸ್ಸನ್ನು ಅಲ್ಲೇ ಬಿಟ್ಟು ಎಲ್ಲರೂ ನಡೆದೆವು. ಅದನ್ನು ಕಾಯುವ ಅಗತ್ಯವಿರಲಿಲ್ಲ. ಎಲ್ಲಿಗಾದರೂ ಹೋಗುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಚಪ್ಪರ ಸೇರಿದೆವು. ಮದುಮಗ ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಕೈಗೆ ಹತ್ತಿದ ಗ್ರೀಸಿನ ಕಪ್ಪು ಹೋಗಲಿಲ್ಲ. ಧಾರೆ ಎರೆಯುವಾಗ ಮದುಮಗಳು ಆ ಕೈಯನ್ನು ನೋಡಿ, ತಲೆ ತಗ್ಗಿಸಿಕೊಂಡೇ ನಕ್ಕಳಂತೆ. ಊಟದ ಪಂಕ್ತಿಯಲ್ಲಿ ಸೋದರಮಾವ ತಾವೇ ಬಂದು ನನ್ನ ಎಲೆಗೆ ಹೋಳಿಗೆ ಬಡಿಸಿದರು, ಬೇಡವೆಂದರೂ ಬಿಡಲಿಲ್ಲ.

ಮರುದಿನ ಮೇಸ್ತ್ರಿ ಸರಿಯಾದ ರಿಂಗು ತಂದರು. ಹಳೆಯದನ್ನು ತಿರುಗಿಸಿ ನೋಡಿ ಮಾಲಕರ ಮನೆತನದ ಬಗ್ಗೆ ಉರ್ದುವಿನಲ್ಲಿ ನಾಲ್ಕು ಮಾತು ಆಡಿದರು. ಅಂದಿನಿಂದ ಅಳತೆ ನೋಡದೆ ನಾನು ಯಾವ ರಿಂಗನ್ನೂ ಮುಟ್ಟಲಿಲ್ಲ. ಮಾಲಕರು ಗೊಣಗಿದರು, ಆದರೆ ತಡೆಯಲಿಲ್ಲ.

ಎರಡು ವರ್ಷದ ಮೇಲೆ ಸಿದ್ದಾಪುರದ ದೊಡ್ಮನೆಯಲ್ಲಿ, ಗುರುತಿಲ್ಲದ ಒಬ್ಬರ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯುತ್ತಿದ್ದೆ. ಆ ಮನೆಯವರು ಒಂದು ದಿಬ್ಬಣದ ಕಥೆ ಹೇಳಿದರು. ಡ್ರೈವರ್ ಚಕ್ರಕ್ಕೆ ಸುತ್ತಿಗೆಯಿಂದ ಹೊಡೆಯಲು ಹೋದನಂತೆ, ಮದುಮಗನ ಸೋದರಮಾವ ಹಾರಿ ಅವನ ಕೈ ಹಿಡಿದು ಎಲ್ಲರ ಜೀವ ಉಳಿಸಿದರಂತೆ. ಬಹಳ ದೊಡ್ಡ ಮನುಷ್ಯರು ಎಂದೆ ನಾನು, ಮತ್ತು ಇನ್ನೊಂದು ಲೋಟ ನೀರು ಕೇಳಿದೆ.