ಆನೆ ಏರಿದ ಅಕ್ಕತಂಗಿಯರು ಮತ್ತು ಮಲ್ಲಪ್ಪ ಕಾಕಾ

ಕೂತು ನೇಯುವ ಮಗ್ಗದ ಕುಣಿಗೆ ಇಳಿಯುವ ಮೊದಲು ಮಲ್ಲಪ್ಪ ಕಾಕಾ ಹಿಮ್ಮಡಿ ಕೂಡಿಸಿ ಮಗ್ಗಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದರು. ಕೆಳಗೆ ಮೊಣಕಾಲಿನ ಧೋತರ, ಮೇಲೆ ಗುಂಡಿ ಹೋದ ಮಿಲಿಟರಿ ಅಂಗಿ. ಎರಡನೆಯ ಮಹಾಯುದ್ಧ ಮುಗಿದಾಗ ಪಲಟಣಿನ ಜೊತೆ ಸಮುದ್ರದಾಚೆಯ ಸೈಗಾನ್ ಎಂಬ ಊರಿನವರೆಗೂ ಹೋಗಿ, ಬನಹಟ್ಟಿಗೆ ಮರಳಿ ಮತ್ತೆ ನೇಯಲು ಕೂತವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅದರ ಎರಡೂ ಬದಿಗೆ ಒಂದೊಂದು ಮಗ್ಗ.

ಅಪ್ಪ ತೀರಿಕೊಂಡಾಗ ನಮ್ಮ ಬದಿಯ ಮಗ್ಗ ನಿಂತಿತು. ಉಳಿದವರು ಅವ್ವ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಗಂಗಕ್ಕ, ಮತ್ತೆ ಅವಳ ತಂಗಿ ನಾನು. ನಮ್ಮ ಓಣಿಯಲ್ಲಿ ಹೆಂಗಸರು ಕಂಡಿಕೆಗೆ ನೂಲು ಸುತ್ತಬೇಕು, ನೂಲಿಗೆ ಗಂಜಿ ಹಚ್ಚಬೇಕು. ಕುಣಿಗೆ ಮಾತ್ರ ಕಾಲಿಡುವಂತಿಲ್ಲ. ಯಾರು ಮಾಡಿದ ಕಟ್ಟಳೆಯೋ, ಅವರ ಬಾಯಿಗಿಷ್ಟು ಮಣ್ಣು ಹಾಕ! ದೊಡ್ಡಪ್ಪ ಬಂದು, “ನೇಯೋ ಗಂಡಸಿಲ್ಲದ ಮನ್ಯಾಗ ಮಗ್ಗ ಯಾಕ ಬೇಕು? ದಸರಾ ಮುಗೀಲಿ, ಬಿಚ್ಚಿ ಒಯ್ತೇನಿ” ಎಂದು ಹೇಳಿ ಹೋದ. ಮಗ್ಗ ಹೋದರೆ ನಾವು ಮೂವರೂ ಅವನ ಮನೆಯ ಒಲೆಯ ಮುಂದೆ ಬಿದ್ದಿರಬೇಕಿತ್ತು.

ಅಂದು ಮಧ್ಯಾಹ್ನವೇ ಗೋಡೆಯಾಚೆಯಿಂದ ಕಾಕಾನ ದನಿ ಬಂತು. “ಗಂಗವ್ವಾ, ಅಳೂದು ಆತೇನ? ಆಗಿದ್ರ ಒಂದು ಕತಿ ಕೇಳು.”

ಸೈಗಾನಿನ ಪೇಟೆಯಲ್ಲಿ ವೀಳ್ಯದೆಲೆ ಮಾರುವ ಮುದುಕಿಯ ಅಂಗಡಿಯಲ್ಲಿ ಅವರು ಕಂಡ, ಆನೆ ಏರಿದ ಇಬ್ಬರು ಹೆಂಗಸರ ಚಿತ್ರದ ಕತೆ ಅದು. ಆಕೆ ಹೇಳಿದ್ದನ್ನು ಪಕ್ಕದ ತಮಿಳು ವ್ಯಾಪಾರಿ ಹಿಂದಿಯಲ್ಲಿ ತಿಳಿಸಿದ್ದನಂತೆ. ಎರಡು ಸಾವಿರ ವರ್ಷದ ಹಿಂದೆ ಆ ನಾಡನ್ನು ಚೀನಾದ ಚಕ್ರವರ್ತಿ ಆಳುತ್ತಿದ್ದ. ಅವನ ಅಧಿಕಾರಿ ಒಬ್ಬಾಕೆಯ ಗಂಡನನ್ನು ಕೊಲ್ಲಿಸಿದ. “ಆಕಿ ಮೂಲಿ ಹಿಡದು ಕೂಡಲಿಲ್ಲವ್ವಾ. ತಂಗೀನ ಕರಕೊಂಡು ಆನಿ ಏರಿದ್ಲು. ಅರವತ್ತೈದು ಊರ ಕ್ವಾಟಿ ಗೆದ್ದು ರಾಣಿ ಆದ್ಲು!” ಆ ರಾಣಿಗೆ ಕಾಕಾ ನಮ್ಮ ಬನಹಟ್ಟಿಯ ಅಗಲ ಅಂಚಿನ ದಡಿ ಸೀರೆಯನ್ನೇ ಉಡಿಸಿದ್ದರು. ಕಚ್ಚೆ ಹಾಕದೆ ಆನೆಯ ಮೇಲೆ ಹೇಗೆ ಕೂತಳು ಎಂದು ಅವ್ವ ಕೇಳಿದರೆ, “ಹಾಕಿದ್ಲು ತಗೋರಿ, ನಾ ಹೇಳೂದು ಮರ್ತೆ” ಎಂದರು.

ಮರುದಿನ ಗಂಗಕ್ಕ ಕುಣಿಗೆ ಇಳಿದಳು. ವಿಧವೆಯ ಮನೆಗೆ ಗಂಡಸು ಬಂದು ಕಲಿಸಿದರೆ ಓಣಿ ಸುಮ್ಮನಿರುತ್ತದೆಯೇ? ಕಾಕಾ ತಮ್ಮ ಮನೆ ಬಿಟ್ಟು ಕದಲಲಿಲ್ಲ. ನಮ್ಮ ಮಗ್ಗದ ಸಪ್ಪಳ ಕೇಳಿಯೇ ಕಲಿಸಿದರು. “ಲೇ, ಹಲಿಗಿ ಎರಡು ಸಲ ಬಡದಿ, ಬಟ್ಟಿ ದಪ್ಪ ಆಗ್ತೈತಿ!” “ಲಾಳಿ ತಡದು ಬಂತು. ಎಳಿ ಹರದೈತಿ, ನೋಡು!” ನೋಡಿದರೆ ಹರಿದೇ ಇರುತ್ತಿತ್ತು. ಎಂಥ ಕಿವಿಯಪ್ಪಾ ಅದು!

ದಸರಾ ಮುಗಿದದ್ದೇ ತಡ, ದೊಡ್ಡಪ್ಪ ಬಂಡಿ ತಂದ. ಮಗ್ಗದಲ್ಲಿ ಅರ್ಧ ಸೀರೆ, ಕುಣಿಯಲ್ಲಿ ಗಂಗಕ್ಕ. “ಏಳ್ ಮ್ಯಾಲ!” ಎಂದ. ಅಕ್ಕ ಏಳಲಿಲ್ಲ. ರಾಣಿಯ ಕತೆ ಅಷ್ಟರಲ್ಲಿ ಓಣಿಗೆಲ್ಲ ಹರಡಿತ್ತು. ಅವನು ಗೋಡೆಯತ್ತ ತಿರುಗಿ ಕೂಗಿದ: “ಮಲ್ಲಪ್ಪಾ, ಹೆಣ್ಮಕ್ಕಳ ತಲಿ ಕೆಡಿಸೀಯಲ್ಲ, ಆ ರಾಣಿ ಮುಂದ ಏನಾದ್ಲು? ಅದನ್ನೂ ಹೇಳು!”

ಆಚೆಯ ಮಗ್ಗ ನಿಂತಿತು. ಕಾಕಾ ಒಂದು ಸುಳ್ಳು ಹೇಳಬಹುದಿತ್ತು. “ಮೂರು ವರ್ಷ ಆಳಿದ್ಲು. ಆಮ್ಯಾಲ ಚೀನಾದಿಂದ ದೊಡ್ಡ ದಂಡು ಬಂತು. ಸೋತು, ಅಕ್ಕತಂಗಿ ಇಬ್ಬರೂ ಹೊಳಿಗೆ ಹಾರಿದ್ರು” ಎಂದರು, ಸಣ್ಣ ದನಿಯಲ್ಲಿ.

ದೊಡ್ಡಪ್ಪ ನಕ್ಕ. ನನಗೆ ಕಾಕಾನ ಮೇಲೇ ಸಿಟ್ಟು ಬಂತು. ಗಂಗಕ್ಕ ಮಾತ್ರ ತಲೆ ಎತ್ತಲಿಲ್ಲ. “ಮೂರು ವರ್ಷ ಆಳಿದ್ಲಂತಲ್ಲ ದೊಡ್ಡಪ್ಪಾ. ನನಗ ಮೂರ ದಿನಾ ಸಾಕು, ಸೀರಿ ಮುಗೀತೈತಿ. ಅದನ್ನ ನೋಡಿ ಮಾತಾಡು” ಎಂದು ಲಾಳಿ ಎಸೆದಳು. ಬಾಗಿಲಲ್ಲಿ ನೆರೆದಿದ್ದ ಓಣಿಯ ಹೆಂಗಸರು ಬಂಡಿಯಾಳುಗಳಿಗೆ ದಾರಿ ಬಿಡಲಿಲ್ಲ. ಬಂಡಿ ಖಾಲಿ ಹೋಯಿತು. ಪೇಟೆಯ ಸಾವುಕಾರ ಆ ಸೀರೆಯನ್ನು ಮರುಮಾತಿಲ್ಲದೆ ಒಪ್ಪಿಕೊಂಡ ಮೇಲೆ ದೊಡ್ಡಪ್ಪ ಮಗ್ಗದ ಸುದ್ದಿಗೆ ಬರಲಿಲ್ಲ.

ನಮ್ಮ ರಾಜರ ಸಂಸ್ಥಾನ ವಿಲೀನವಾದ ವರ್ಷ ಕಾಕಾ, ದಮ್ಮು ಹೆಚ್ಚಾಗಿ, ಮುಧೋಳದ ಮಗಳ ಮನೆಗೆ ಹೊರಟರು. ಬಂಡಿಯ ಹತ್ತಿರ ನಾನು ಕೇಳಿಯೇಬಿಟ್ಟೆ: ಕತೆಯ ಕೊನೆಯನ್ನು ಮೊದಲೇ ಯಾಕೆ ಹೇಳಲಿಲ್ಲ?

“ಕೊನಿ ಅಷ್ಟ ಅಲ್ಲವ್ವಾ, ಇನ್ನೊಂದೂ ಹೇಳಿಲ್ಲ” ಎಂದರು. “ಈ ರಾಣಿ ಯಾರ ಮ್ಯಾಲ ಹೊಂಟಾಳಂತ ಆ ಮುದುಕೀನ ಕೇಳಿದ್ದೆ. ಹೊರಗಿಂದ ಬಂದು ಆಳಾವರ ಮ್ಯಾಲ ಅಂದ್ಲು. ಅಂದು ನನ್ನ ಬಂದೂಕು ನೋಡಿದ್ಲು. ಆಕಿ ಮಂದಿ ಆಗ ಅವರ ನಾಡು ಆಳತಿದ್ದ ಫ್ರೆಂಚರ ಮ್ಯಾಲ ಎದ್ದಿದ್ರು. ಅವರನ್ನ ಹತ್ತಿಕ್ಕಾಕ ಬಿಳಿ ಸಾಹೇಬರು ನಮ್ಮನ್ನ ನಿಲ್ಲಿಸಿದ್ರು. ನಿಮ್ಮ ಮಗ್ಗದ ಸಪ್ಪಳಾ ಕೇಳಿದಾಗ ಅಷ್ಟ ನನಗ ಎದಿ ಹಗೂರ ಆಗ್ತಿತ್ತು.”

ನಾನು ಅವರ ಕಾಲು ಮುಟ್ಟಿದೆ. ನಮ್ಮ ಅನ್ನ ಉಳಿಸಿದ ಮನುಷ್ಯ ಅವರು. ಒಳಗೆ ಗಂಗಕ್ಕ ನೇಯುತ್ತಲೇ ಇದ್ದಳು. ಕಾಕಾ ತಲೆ ವಾಲಿಸಿ ಒಂದು ಗಳಿಗೆ ಮಗ್ಗದ ಸಪ್ಪಳ ಕೇಳಿ, “ತಪ್ಪಿಲ್ಲ” ಎಂದು ಬಂಡಿ ಹತ್ತಿದರು.