ಕರಿಬಟ್ಟೆಯೊಳಗಿನ ತಲೆ, ಹೊರಗಿನ ಟೋಪಿ

ಟೋಪಿ ಮಾವನ ಕಸುಬು ಕೂದಲು ಕತ್ತರಿಸುವುದು. ಹುಚ್ಚು ಮಾತ್ರ ಹಳೆಯ ಕಾಲದ ಫೆಲ್ಟ್ ಟೋಪಿಗಳದ್ದು. ಮೊಲದ ತುಪ್ಪಳವನ್ನು ಒತ್ತಿ ಮಾಡಿದ, ಒಂದಾನೊಂದು ಕಾಲದಲ್ಲಿ ಸಾಹುಕಾರರಷ್ಟೇ ಕೊಳ್ಳುತ್ತಿದ್ದ ಟೋಪಿಗಳು. ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ, ಅಂಚು ಚಪ್ಪಟೆಯಾಗದಂತೆ, ಎಲ್ಲವೂ ಅಂಗಾತ ಮಲಗಿರುತ್ತಿದ್ದವು. ಧೂಳು ಕಂಡರೆ ಮೆತ್ತನೆಯ ಬ್ರಷ್ಷು, ತಗ್ಗು ಬಿದ್ದರೆ ಕೆಟಲಿನ ಹಬೆ.

"ನಂಗೆ ತಲೆನೋವು ಅಂದ್ರೆ ತಿರುಗಿ ನೋಡಲ್ಲ. ಯಾರೋ ಸತ್ತೋರ ಟೋಪಿಗೆ ದಿನಾ ಉಪಚಾರ!" ಎಂದು ಹೆಂಡತಿ ಗೊಣಗುತ್ತಿದ್ದಳು.

"ಅವು ಎದುರು ಮಾತಾಡಲ್ಲ ಕಣೇ."

ಆದರೆ ಮಾವನ ಕಣ್ಣು ನೆಟ್ಟಿದ್ದು ತನ್ನದಲ್ಲದ ಒಂದು ಟೋಪಿಯ ಮೇಲೆ. ಎದುರು ಸ್ಟುಡಿಯೋದ ಫೋಟೋಗ್ರಾಫರು ಅದನ್ನು ತಲೆಯಿಂದ ಇಳಿಸುತ್ತಲೇ ಇರಲಿಲ್ಲ. ಬೂದುಬಣ್ಣದ ಅಪರೂಪದ ಮಾಲು. ಬೆವರು ಒಳಗಿನ ಚರ್ಮದ ಪಟ್ಟಿಯನ್ನು ತಿಂದು ಈಗ ಫೆಲ್ಟಿಗೂ ಕಲೆ ಹತ್ತಿಸಿತ್ತು. ಇನ್ನೊಂದು ಬೇಸಿಗೆ ಕಳೆದರೆ ಅದರ ಕಥೆ ಮುಗಿದಂತೆ. "ಕೊಡಿ ಸ್ವಾಮೀ, ಸರಿಮಾಡಿ ಕೊಡ್ತೀನಿ" ಎಂದು ಮಾವ ಎಷ್ಟು ಗೋಗರೆದರೂ ಅವರು ಜಪ್ಪಯ್ಯ ಅನ್ನಲಿಲ್ಲ.

ಒಂದು ದಿನ ಮಾವ ಮೀಸೆ ತೀಡಿಕೊಂಡು, ಜೇಬಿನಲ್ಲಿ ಬ್ರಷ್ಷು, ಒದ್ದೆ ಬಟ್ಟೆ ಅಡಗಿಸಿಕೊಂಡು, ಫೋಟೋ ತೆಗೆಸುವ ನೆವದಲ್ಲಿ ಹೋದ. ದೊಡ್ಡ ಪೆಟ್ಟಿಗೆ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ ಮೇಲೆಯೇ ಫೋಟೋಗ್ರಾಫರು ಟೋಪಿ ತೆಗೆದು, ಕೈಯಷ್ಟೇ ಹೊರಚಾಚಿ ಸ್ಟೂಲಿನ ಮೇಲಿಟ್ಟರು. ಮಾವ ಮೆಲ್ಲಗೆ ಎದ್ದು ಅದನ್ನೆತ್ತಿಕೊಂಡು ಮತ್ತೆ ಕುರ್ಚಿಗೆ ಬಂದ.

ಆ ಕ್ಯಾಮೆರಾದ ಗಾಜಿನಲ್ಲಿ ಲೋಕವೇ ತಲೆಕೆಳಗು. ತಮ್ಮ ಟೋಪಿ ಹಿಡಿದು ತಲೆಕೆಳಗಾಗಿ ಕೂತ ಮಾವನನ್ನು ಕಂಡು ಫೋಟೋಗ್ರಾಫರು ಒಳಗಿನಿಂದಲೇ ಅರಚಿದರು.

"ಏಯ್! ಇಡಯ್ಯಾ ಅದನ್ನ!"

"ಬಂದು ಇಸ್ಕೊಳ್ಳಿ."

ಬಟ್ಟೆ ಅಲುಗಿತು. ತಲೆ ಹೊರಬರಲಿಲ್ಲ.

ಮಾವ ಚರ್ಮದ ಪಟ್ಟಿಯನ್ನು ಹೊರಮಡಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾವಕಾಶವಾಗಿ ಬ್ರಷ್ಷಾಡಿಸತೊಡಗಿದ.

"ಏನ್ಮಾಡ್ತಿದ್ದೀಯೋ?"

"ಬೆವರಿನ ಉಪ್ಪು ಬಿಡಿಸ್ತಿದ್ದೀನಿ. ನೀವು ಅಲ್ಲೇ ಆರಾಮಾಗಿರಿ."

"ಇಲ್ಲಿ ಬೆಂದುಹೋಗ್ತಿದ್ದೀನಯ್ಯಾ!"

ಪಟ್ಟಿ ಹಸನಾಯಿತು, ಕಲೆ ಮಾಸಿತು. ಆಮೇಲೆ ಮಾವ ಬಾಯಿ ಬಿಟ್ಟ. "ಹೊರಗೆ ಬನ್ನಿ ಸ್ವಾಮೀ. ನಿಮ್ಮ ತಲೆ ಬೋಳು ಅಂತ ನಂಗೆ ಯಾವತ್ತೋ ಗೊತ್ತು. ಕಿವಿ ಹಿಂದಿನ ಕೂದಲು ನೋಡಿ ನೆತ್ತಿ ಸುದ್ದಿ ಹೇಳದಿದ್ರೆ ನಾನೆಂಥ ಕ್ಷೌರದವನು?"

ಒಳಗಿನಿಂದ ಸಣ್ಣ ದನಿ: "ಯಾರಿಗಾದ್ರೂ ಹೇಳಿದ್ಯಾ?"

"ಹೆಂಡ್ತಿಗೂ ಹೇಳಿಲ್ಲ."

ಬೆವರಿನಿಂದ ಮಿರಮಿರ ಮಿಂಚುವ ನೆತ್ತಿ ಹೊರಬಂತು. "ಅಯೋಗ್ಯ! ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು?"

"ಕೆಲಸ ಮುಗೀಲಿ ಅಂತ. ಇನ್ನು ಇದು ವಾರ ಪೂರ್ತಿ ಒಣಗ್ಬೇಕು."

"ವಾರ ಪೂರ್ತಿ ಬೋಳುತಲೇಲಿ ತಿರುಗಲಾ?"

ಅಲ್ಲಿಯವರೆಗೆ ಬೇರೊಂದು ಟೋಪಿ ಆರಿಸಿಕೊಳ್ಳಲು ಅವರು ಕರಿಬಟ್ಟೆ ಹೊದ್ದುಕೊಂಡೇ ರಸ್ತೆ ದಾಟಿ ಕ್ಷೌರದಂಗಡಿಯ ಹಿಂದಿನ ಕೋಣೆಗೆ ಬಂದರು. ಒಂದು ಬಿಗಿ ಎಂದರು, ಇನ್ನೊಂದರ ಬಣ್ಣ ಸರಿಯಿಲ್ಲ ಎಂದರು. ಕೊನೆಗೆ ಮಾವ ಜೀವದಂತೆ ಕಾಪಾಡಿಕೊಂಡಿದ್ದ ಕಂದು ಟೋಪಿಯನ್ನು ನೆತ್ತಿಗೇರಿಸಿ, ಕನ್ನಡಿಯ ಮುಂದೆ ಅತ್ತಿತ್ತ ತಿರುಗಿದರು.

"ಇದು ನನ್ನದಕ್ಕಿಂತ ಚೆನ್ನಾಗಿದೆಯಲ್ಲಯ್ಯಾ!"

ಕಂದು ಟೋಪಿಯ ಅಂಚಿನಿಂದ ಬೆವರು ಇಳಿಯುವುದನ್ನು ಕಂಡ ಮಾವ ಮತ್ತೆ ಜೇಬಿನ ಬ್ರಷ್ಷಿಗೆ ಕೈಹಾಕಿದ.