ಸನ್ನಿವೇಲ್ ಪ್ಲಾಟ್‌ಫಾರ್ಮಿನ ರಾಣಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಧಾರವಾಡದ ಅಜ್ಜಿಯೊಬ್ಬರು ಕುಳಿತಿದ್ದರು. ಜೊತೆಗಿದ್ದ ಮೊಮ್ಮಗಳ ತಲೆಯ ಮೇಲೆ ರಟ್ಟಿನ ಕಿರೀಟ, ಕೈಯಲ್ಲಿ ರಟ್ಟಿನ ಕತ್ತಿ. ಏನು ವೇಷವಮ್ಮಾ ಎಂದು ಕೇಳಿದೆ.

"ಸ್ಕೂಲ್ ಪ್ಲೇ. ನಾನು ಕ್ಯಾಲಿಫೋರ್ನಿಯಾ ಕ್ವೀನು."

ಇಲ್ಲಿ ರಾಣಿ ಯಾವಾಗಿದ್ದಳು ಎಂದು ಕೇಳಿದರೆ, ಕತೆಯಲ್ಲಂತೆ. ಕುದುರೆಯೇರಿ ಸಾಹಸಕ್ಕೆ ಹೊರಡುವ ವೀರರ ಹಳೆಯ ಸ್ಪ್ಯಾನಿಷ್ ಕತೆಯೊಂದರಲ್ಲಿ ಬರೀ ಹೆಂಗಸರಿರುವ ಒಂದು ದ್ವೀಪ. ಅದರ ಹೆಸರು ಕ್ಯಾಲಿಫೋರ್ನಿಯಾ. ಆ ಕತೆ ಗೊತ್ತಿದ್ದ ನಾವಿಕರು ಈ ತೀರಕ್ಕೂ ಅದೇ ಹೆಸರಿಟ್ಟರಂತೆ. ವಾರದಿಂದ ಫ್ರೀವೇ, ಪಾರ್ಕಿಂಗ್ ಲಾಟು ನೋಡಿ ನೋಡಿ, ಈ ಸೀಮೆಯಲ್ಲಿ ಕತೆಗೆ ಜಾಗವೇ ಇಲ್ಲ ಎಂದುಕೊಂಡಿದ್ದೆ.

"ಕಡೀಕೆ ರಾಣಿ ಏನಾಗ್ತಾಳ?" ಅಜ್ಜಿ ಕೇಳಿದರು.

"ಶಿ ಲೂಸಸ್, ಅಜ್ಜಿ. ಕತ್ತಿ ಕೆಳಗಿಟ್ಟು ಮದುವೆ ಆಗ್ಬೇಕು. ಐ ಹೇಟ್ ದಟ್ ಪಾರ್ಟ್."

ಅಜ್ಜಿ ನನ್ನತ್ತ ತಿರುಗಿದರು. "ನಮ್ಮ ಪುರಾಣದಾಗೂ ಹಂಗ ಅದರಿ. ಹೆಣ್ಣಮಕ್ಕಳ ರಾಜ್ಯ. ರಾಣಿ ಯಜ್ಞದ ಕುದುರಿ ಕಟ್ಟಿಹಾಕ್ತಾಳ, ಕಡೀಕೆ ಮದುವಿ ಆಗಿ ಬಿಟ್ಟುಕೊಡ್ತಾಳ. ಎಷ್ಟ್ ಸಲ ಕೇಳಿದ್ರೂ ಅಷ್ಟ."

ಆಮೇಲೆ ಮೊಮ್ಮಗಳಿಗೆ ಹೇಳಿದರು: "ಮದುವಿ ಬೇಕಾದ್ರ ಆಗು. ಕತ್ತಿ ಕೆಳಗಿಡಬ್ಯಾಡ."

"ಟೀಚರ್ ಬೈದ್ರೆ?"

"ನಮ್ಮಜ್ಜಿ ಹೇಳ್ಯಾಳ ಅನ್ನು."

ರೈಲು ಬಂತು. ಅಜ್ಜಿಗೆ ಮಂಡಿನೋವು, ಮೆಟ್ಟಿಲು ಎತ್ತರ. ನಾನು ಕೈ ಚಾಚುವಷ್ಟರಲ್ಲಿ ಹುಡುಗಿ ಎಡಗೈಯಿಂದ ಅವರನ್ನು ಹಿಡಿದು ಹತ್ತಿಸಿದಳು. ಬಲಗೈಯಲ್ಲಿ ಕತ್ತಿ ಇತ್ತು.